ಹಂಟರ್-ಕನ್ಸರ್ವೇಶನಿಸ್ಟ್ ಅಂದರೆ ಯಾರು?

ಅಮೆರಿಕದ ಕಾಡು, ಪ್ರಾಣಿಗಳ ಸುದ್ದಿ ಓದುವಾಗ ‘ಹಂಟರ್-ಕನ್ಸರ್ವೇಶನಿಸ್ಟ್’ ಅನ್ನುವ ಮಾತು ಆಗಾಗ ಎದುರಾಗುತ್ತದೆ. ಬೇಟೆ ಆಡುವವರು, ಗಾಳ ಹಾಕುವವರು ತಾವು ಹಿಡಿಯುವ ಪ್ರಾಣಿ, ಮೀನು ಉಳಿಯಲಿ ಅಂತ ಸಂಘ ಕಟ್ಟಿ, ಕೈಯಿಂದ ದುಡ್ಡು ಹಾಕಿ ಕೆಲಸ ಮಾಡಿದರೆ ಅವರನ್ನು ಹೀಗೆ ಕರೆಯುತ್ತಾರೆ. 1972ರ ವನ್ಯಜೀವಿ ಕಾಯ್ದೆ ಬಂದಮೇಲೆ ಬೇಟೆ ಅಂದರೆ ಅಪರಾಧ ಅಂತಲೇ ತಿಳಿದು ಬೆಳೆದ ನಮಗೆ ಇದು ವಿಚಿತ್ರವಾಗಿ ಕೇಳಿಸುತ್ತದೆ, ಅಲ್ವಾ? ಅಲ್ಲಿ ಮಾತ್ರ ಇದು ಸರ್ಕಾರದ ಲೆಕ್ಕಪತ್ರದೊಳಗೇ ಸೇರಿಹೋಗಿರುವ ವ್ಯವಸ್ಥೆ.

ಹತ್ತೊಂಬತ್ತನೇ ಶತಮಾನದ ಕೊನೆಗೆ ಅಲ್ಲಿ ಕೋಟಿಗಟ್ಟಲೆ ಇದ್ದ ಕಾಡೆಮ್ಮೆಗಳು, ಅಂದರೆ ಬೈಸನ್‌ಗಳು, ಕೆಲವು ನೂರಕ್ಕೆ ಇಳಿದಿದ್ದವು. ಮಾಂಸ, ಚರ್ಮ, ಪುಕ್ಕದ ವ್ಯಾಪಾರಕ್ಕೆ ಕೊಲ್ಲುವವರಿಗೆ ಲಂಗುಲಗಾಮು ಇರಲಿಲ್ಲ. ಇದನ್ನು ನೋಡಿ ಹೆದರಿದವರಲ್ಲಿ ಶೋಕಿಗೆ ಬೇಟೆ ಆಡುವ ಶ್ರೀಮಂತರೂ ಇದ್ದರು. 1887ರಲ್ಲಿ, ಮುಂದೆ ಅಮೆರಿಕದ ಅಧ್ಯಕ್ಷರಾದ ಥಿಯೋಡರ್ ರೂಸ್‌ವೆಲ್ಟ್, ಪತ್ರಿಕೆ ಸಂಪಾದಕ ಜಾರ್ಜ್ ಬರ್ಡ್ ಗ್ರಿನ್ನೆಲ್ ಮತ್ತು ಗೆಳೆಯರು ಸೇರಿ ಬೂನ್ ಅಂಡ್ ಕ್ರಾಕೆಟ್ ಕ್ಲಬ್ ಕಟ್ಟಿದರು. ಅವರ ಕಾಳಜಿಯಲ್ಲಿ ಸ್ವಾರ್ಥವೂ ಇತ್ತು. ಪ್ರಾಣಿಯೇ ಇಲ್ಲದಿದ್ದರೆ ಬೇಟೆ ಎಲ್ಲಿಂದ?

ಈ ಸ್ವಾರ್ಥವನ್ನೇ ಮುಂದೆ ಕಾನೂನು ಜಾಣತನದಿಂದ ಬಳಸಿಕೊಂಡಿತು. 1934ರಲ್ಲಿ ‘ಡಕ್ ಸ್ಟಾಂಪ್’ ಬಂತು. ಬಾತುಕೋಳಿ ಬೇಟೆಗೆ ಹೋಗುವವರು ವರ್ಷಕ್ಕೊಮ್ಮೆ ಈ ಚೀಟಿ ಕೊಳ್ಳಲೇಬೇಕು. ಆಗ ಬೆಲೆ 1 ಡಾಲರ್, ಈಗ 25. ಅದರ ಬಹುಪಾಲು ಹಣ ಜೌಗು ನೆಲ ಕೊಂಡು ಕಾಪಾಡುವುದಕ್ಕೆ ಹೋಗುತ್ತದೆ. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆ ಬೇಟೆ ಬಂದೂಕು, ಗುಂಡುಗಳ ಮೇಲಿನ ತೆರಿಗೆಯನ್ನು (ಈಗ ಶೇ. 11) ರಾಜ್ಯಗಳ ವನ್ಯಜೀವಿ ಕೆಲಸಕ್ಕೆ ಮೀಸಲಿಟ್ಟಿತು. ಜೊತೆಗೆ ಒಂದು ಷರತ್ತು: ಬೇಟೆ ಲೈಸೆನ್ಸಿನಿಂದ ಬಂದ ಹಣವನ್ನು ರಾಜ್ಯಗಳು ಬೇರೆ ಯಾವುದಕ್ಕೂ ತಿರುಗಿಸುವಂತಿಲ್ಲ. ನನ್ನ ಪ್ರಕಾರ ತೆರಿಗೆಗಿಂತ ಈ ಷರತ್ತೇ ಗಟ್ಟಿ ಕೆಲಸ ಮಾಡಿತು. 1950ರಲ್ಲಿ ಮೀನು ಹಿಡಿಯುವ ಸಾಮಾನಿಗೂ ಇಂಥದೇ ಕಾಯ್ದೆ ಆಯಿತು.

ಅದೇ 1937ರಲ್ಲಿ ಹುಟ್ಟಿದ ಸಂಘ ‘ಡಕ್ಸ್ ಅನ್‌ಲಿಮಿಟೆಡ್’. ಬರಗಾಲಕ್ಕೆ ಕೆರೆ, ಜೌಗುಗಳು ಒಣಗಿ ಬಾತುಕೋಳಿ ಕಡಿಮೆಯಾಗಿದ್ದ ಕಾಲ. ಅಮೆರಿಕದ ಬೇಟೆಗಾರರಿಗೆ ಸಿಗುವ ಹಕ್ಕಿಗಳಲ್ಲಿ ಬಹಳಷ್ಟು ಮೊಟ್ಟೆ ಇಡುವುದು ಕೆನಡಾದ ಬಯಲಲ್ಲಿ. ಹಾಗಾಗಿ ಅಮೆರಿಕದಲ್ಲಿ ಕೂಡಿಸಿದ ಹಣವನ್ನು ಗಡಿಯಾಚೆಗೆ ಕಳಿಸಿ, ಕೆನಡಾದ ಜೌಗುಗಳಲ್ಲಿ ನೀರು ನಿಲ್ಲಿಸಿದರು. ಹಕ್ಕಿಗೆ ದೇಶದ ಗಡಿ ಗೊತ್ತಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ಅದಕ್ಕೆ ಚೆಕ್ ಬರೆದವರು ಕಡಿಮೆ.

ಆದರೆ ದುಡ್ಡು ಕೊಡುವವರ ಕಣ್ಣು ಯಾವ ಪ್ರಾಣಿಯ ಮೇಲಿದೆಯೋ ಅದಕ್ಕೇ ಜಾಸ್ತಿ ಸಿಗುತ್ತದೆ. ಬಾತುಕೋಳಿಗೆಂದು ಉಳಿಸಿದ ಜೌಗಿನಲ್ಲಿ ಕಪ್ಪೆ, ಕೊಕ್ಕರೆಯೂ ಬದುಕುತ್ತವೆ, ಸರಿ. ಆದರೆ ತೋಳದ ಮಾತು ಬಂದರೆ ಅಲ್ಲಿನ ಅನೇಕ ಬೇಟೆಗಾರರ ಮುಖ ಗಂಟಿಕ್ಕುತ್ತದೆ. ಅವರಿಗೆ ಬೇಕಾದ ಎಲ್ಕ್ ಜಿಂಕೆಯನ್ನು ತೋಳ ತಿನ್ನುತ್ತದಲ್ಲ!

ಮೀನಿನ ವಿಷಯದಲ್ಲಿ ಈ ತೊಡಕು ಇನ್ನೂ ಸೂಕ್ಷ್ಮ. 1959ರಲ್ಲಿ ಮಿಷಿಗನ್ನಿನ ಔ ಸೇಬಲ್ ನದಿಯ ದಡದಲ್ಲಿ ಗಾಳದವರು ‘ಟ್ರೌಟ್ ಅನ್‌ಲಿಮಿಟೆಡ್’ ಶುರು ಮಾಡಿದರು. ಹ್ಯಾಚರಿಯಲ್ಲಿ, ಅಂದರೆ ಮೀನುಮರಿ ಮಾಡಿಸುವ ಕೇಂದ್ರದಲ್ಲಿ, ಬೆಳೆಸಿದ ಟ್ರೌಟ್ ಮೀನು ತಂದು ನದಿಗೆ ಸುರಿಯುವ ಬದಲು ನದಿಯನ್ನೇ ಸರಿಮಾಡಿ ಅನ್ನುವುದು ಅವರ ವಾದ. ಮೊಂಟಾನಾದ ಮ್ಯಾಡಿಸನ್ ನದಿಯಲ್ಲಿ ನಡೆದ ಅಧ್ಯಯನವೂ ಅದನ್ನೇ ತೋರಿಸಿತು. ತಂದು ಬಿಟ್ಟ ಮೀನು ಇದ್ದ ಕಡೆ ನದಿಯಲ್ಲೇ ಹುಟ್ಟಿದ ಮೀನು ಕಡಿಮೆಯಾಗುತ್ತಿತ್ತು. 1974ರಲ್ಲಿ ಆ ರಾಜ್ಯ, ಟ್ರೌಟ್ ತಾನಾಗೇ ಹುಟ್ಟಿ ಬೆಳೆಯುವ ನದಿಗಳಿಗೆ ಹ್ಯಾಚರಿ ಮೀನು ಬಿಡುವುದನ್ನೇ ನಿಲ್ಲಿಸಿತು.

ನಮ್ಮ ಕಾವೇರಿಗೂ ಇಂಥ ಒಂದು ಕಥೆ ಇದೆ. ‘ವಾಸಿ’ ಅಂತ ಕರೆಯುವ ವೈಲ್ಡ್‌ಲೈಫ್ ಅಸೋಸಿಯೇಶನ್ ಆಫ್ ಸೌತ್ ಇಂಡಿಯಾ 1972ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿತು. ನದಿಯ ಒಂದು ಭಾಗವನ್ನು ಗುತ್ತಿಗೆಗೆ ಪಡೆದು, ಕಾವಲು ಹಾಕಿ, ಸಿಡಿಮದ್ದು ಹಾಕಿ ಮೀನು ಕೊಲ್ಲುವುದನ್ನು ತಡೆಯಲು ನೋಡಿತು. ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿಯ ಜಂಗಲ್ ಲಾಡ್ಜಸ್ ಶಿಬಿರಗಳಿಗೆ ದೂರದೇಶದಿಂದ ಗಾಳದವರು ಬರುತ್ತಿದ್ದರು. ರಾಗಿ ಉಂಡೆ ಸಿಕ್ಕಿಸಿ ಮಹಶೀರ್ ಅನ್ನುವ ದೊಡ್ಡ ಮೀನು ಹಿಡಿಯುವುದು, ತೂಕ ನೋಡುವುದು, ಫೋಟೋ ತೆಗೆದು ಮತ್ತೆ ನೀರಿಗೆ ಬಿಡುವುದು. ಈ ದುಡ್ಡಿನಿಂದ ಸುತ್ತಲಿನ ಹಳ್ಳಿಯವರಿಗೆ ಕೆಲಸ ಸಿಕ್ಕಿತು. ಹಿಂದೆ ಕದ್ದು ಮೀನು ಹಿಡಿಯುತ್ತಿದ್ದವರಲ್ಲಿ ಕೆಲವರು ಕಾವಲಿಗೇ ನಿಂತರು.

ಈ ನಡುವೆ ಲೋಣಾವಳದ ಟಾಟಾ ಹ್ಯಾಚರಿಯಿಂದ ನೀಲಿ ರೆಕ್ಕೆಯ ಮಹಶೀರ್ ಮರಿಗಳು ಕಾವೇರಿಗೆ ಬಂದವು. ಉದ್ದೇಶ ಒಳ್ಳೆಯದೇ. ಮಹಶೀರ್ ಕಡಿಮೆಯಾಗಿದೆ, ತುಂಬಿಸೋಣ ಅಂತ. ಆದರೆ ಕಾವೇರಿಯ ಸ್ವಂತ ದೈತ್ಯ ಬೆನ್ನುಗೂನಿನ ಮಹಶೀರ್, ಅದು ಬೇರೆಯೇ ಜಾತಿ. ಗಾಲಿಬೋರೆ ಶಿಬಿರದ 1998ರಿಂದ 2012ರವರೆಗಿನ ದಾಖಲೆಗಳನ್ನು ವಿಜ್ಞಾನಿಗಳು ಕೂಡಿಸಿ ನೋಡಿದಾಗ ಗಾಳಕ್ಕೆ ಸಿಗುವ ಮೀನಿನ ಸಂಖ್ಯೆ ಏರಿತ್ತು. ಏರಿದ್ದು ನೀಲಿ ರೆಕ್ಕೆಯದು, ಗೂನು ಬೆನ್ನಿನದು ಇಳಿಯುತ್ತಲೇ ಹೋಗಿತ್ತು. 2018ರಲ್ಲಿ ಅದಕ್ಕೆ ಟಾರ್ ರೆಮಾದೇವಿ ಅನ್ನುವ ವೈಜ್ಞಾನಿಕ ಹೆಸರು ಖಚಿತವಾಯಿತು. ಅಷ್ಟು ಹೊತ್ತಿಗೆ ಅದು ಅಳಿವಿನಂಚಿಗೆ ಬಂದಿತ್ತು.

ಈ ಇಳಿತ ಬೆಳಕಿಗೆ ಬಂದದ್ದು ಗಾಳದವರು ಬರೆದಿಟ್ಟ ಲೆಕ್ಕದ ಪುಸ್ತಕಗಳಿಂದಲೇ. ಅಭಯಾರಣ್ಯದೊಳಗೆ ಗಾಳ ಹಾಕುವುದೂ ಬೇಟೆಯೇ ಅಂತ ಕಾನೂನಿನ ಅರ್ಥ ಬದಲಾಗಿ ಶಿಬಿರಗಳಲ್ಲಿ ಮೀನು ಹಿಡಿಯುವುದು ನಿಂತಿತು. ಗಾಲಿಬೋರೆಯ ಆ ಲೆಕ್ಕವೂ 2012ಕ್ಕೆ ಮುಗಿಯಿತು.