‘ಬ್ಯಾ’ಗೆ ‘ಟ್’ ಸೇರಿದರೆ ಬ್ಯಾಟ್

ಕನ್ನಡ ಮಾಧ್ಯಮದ ಒಂದನೇ ತರಗತಿಯಲ್ಲಿ ಇಂಗ್ಲಿಷ್ ಪೀರಿಯಡ್ ಎಂದರೆ ಬಹುಪಾಲು ಕೇಳಿಸುವುದು ಇದು: ‘ಸಿ, ಎ, ಟಿ, ಕ್ಯಾಟ್, ಕ್ಯಾಟ್ ಅಂದ್ರೆ ಬೆಕ್ಕು’. ಇಡೀ ತರಗತಿ ಒಕ್ಕೊರಲಿನಿಂದ ಹೇಳುತ್ತದೆ, ಲಯವೂ ಚೆನ್ನಾಗಿರುತ್ತದೆ. ಆದರೆ ಮಗುವಿನ ಲೆಕ್ಕದಲ್ಲಿ ‘ಸಿ’, ‘ಎ’, ‘ಟಿ’ ಮೂರನ್ನೂ ಕೂಡಿಸಿದರೆ ‘ಸಿಯೇಟಿ’ ಆಗಬೇಕು. ಕ್ಯಾಟ್ ಎಲ್ಲಿಂದ ಬಂತು? ಅದಕ್ಕೆ ಗೊತ್ತಿರುವ ಕನ್ನಡದ ಬರಹದಲ್ಲಿ ಅಕ್ಷರದ ಹೆಸರೇ ಅಕ್ಷರದ ದನಿ. ‘ರ’ದ ಹೆಸರು ರ, ‘ವಿ’ಯ ಹೆಸರು ವಿ, ಎರಡನ್ನೂ ಒಟ್ಟಿಗೆ ಹೇಳಿದರೆ ರವಿ. ಇಂಗ್ಲಿಷಿನಲ್ಲಿ ಹೆಸರು ಬೇರೆ, ದನಿ ಬೇರೆ. ‘ಡಬ್ಲ್ಯು’ ಎಂಬ ಹೆಸರಿನಲ್ಲಿ ಆ ಅಕ್ಷರದ ದನಿಯ ಸುಳಿವೇ ಇಲ್ಲ, ‘ಎಚ್’ನಲ್ಲೂ ಇಲ್ಲ. ಇದನ್ನು ಯಾರೂ ಬಿಡಿಸಿ ಹೇಳದಿದ್ದರೆ ಮಗು ಓದುವ ಆಸೆ ಬಿಟ್ಟು ಬಾಯಿಪಾಠಕ್ಕೆ ಇಳಿಯುತ್ತದೆ. ‘ಸಿ-ಎ-ಟಿ ಕ್ಯಾಟ್’ ಎಂದು ತಪ್ಪಿಲ್ಲದೆ ಹೇಳುವ ಎಷ್ಟೋ ಮಕ್ಕಳಿಗೆ ಮೊದಲಕ್ಷರ ಬದಲಿಸಿ ‘ಮ್ಯಾಟ್’ ಬರೆದು ತೋರಿಸಿದರೆ ಓದಲು ಬರುವುದಿಲ್ಲ.

ಹೆಸರುಗಳನ್ನು ಕಲಿಸಲೇಬಾರದು ಎಂದಲ್ಲ. ದನಿ ಮೊದಲು, ಹೆಸರು ಕೆಲವು ತಿಂಗಳ ನಂತರ. ಇಲ್ಲಿ ಕನ್ನಡದ ಟೀಚರಿಗೆ ಒಂದು ಅನುಕೂಲವಿದೆ. ಇಂಗ್ಲಿಷ್ ಅಕ್ಷರದ ದನಿ ಎಂದರೆ ಸ್ವರವಿಲ್ಲದ ವ್ಯಂಜನ, ಅಂದರೆ ನಮ್ಮ ಅರ್ಧಾಕ್ಷರ: ಬ್, ಟ್, ಮ್, ಸ್. ‘ಬಿ’ಯ ದನಿಯನ್ನು ‘ಬ’ ಎಂದು ಹೇಳಿಕೊಟ್ಟರೆ ಮಗು ‘ಬ-ಆ-ಟ’ ಎಂದು ಓದಿ ‘ಬಾಟ’ಕ್ಕೆ ಹೋಗಿ ನಿಲ್ಲುತ್ತದೆ. ‘ಬ್’ ಎಂದು ತುಟಿ ಮುಚ್ಚಿ ನಿಲ್ಲಿಸಬೇಕು. ಆದರೆ ಬ್, ಟ್, ಪ್, ಕ್ ಇವುಗಳನ್ನು ಎಳೆಯಲು ಬರುವುದಿಲ್ಲ, ಬಾಯಿಂದ ಹೊರಬಿದ್ದ ಕ್ಷಣವೇ ಮುಗಿದುಹೋಗುತ್ತವೆ. ಹಿಂದೆಯೇ ಒಂದು ‘ಅ’ ನುಸುಳುತ್ತದೆ. ಸ್, ಮ್, ನ್, ಫ್ ಇಂಥವನ್ನಾದರೆ ಉಸಿರಿರುವಷ್ಟು ಹೊತ್ತೂ ಎಳೆಯಬಹುದು. ಆದ್ದರಿಂದ ಕೂಡಿಸಿ ಓದುವ ಮೊದಲ ಪಾಠಕ್ಕೆ ಸ್ಯಾಟ್, ಮ್ಯಾಟ್, ಮ್ಯಾನ್, ಫ್ಯಾನ್ ಇಂಥ ಪದಗಳೇ ಸರಿ. ‘ಸ್ಸ್ಸ್ಸ್ಯಾಟ್’ ಎಂದು ದನಿ ಕಡಿಯದೆ ಜಾರಿಸಿದರೆ ಕೂಡುವುದು ಹೇಗೆಂದು ಮಗುವಿಗೆ ಕಿವಿಯಲ್ಲೇ ಗೊತ್ತಾಗುತ್ತದೆ.

ಇನ್ನೊಂದು ಅನುಕೂಲ ಕಾಗುಣಿತ. ಇಂಗ್ಲೆಂಡಿನ ಪುಸ್ತಕಗಳಲ್ಲಿ ಪದದ ಬಾಲ ಉಳಿಸಿಕೊಂಡು ತಲೆ ಬದಲಿಸುವ ರೂಢಿಯಿದೆ: ಕ್ಯಾಟ್, ಹ್ಯಾಟ್, ಮ್ಯಾಟ್, ರ‍್ಯಾಟ್. ಪ್ರಾಸದ ಹಾಡುಗಳಲ್ಲಿ ಬೆಳೆದ ಅಲ್ಲಿನ ಮಕ್ಕಳಿಗೆ ಅದು ಸಲೀಸು. ನಮ್ಮ ಮಗುವಿನ ಕಣ್ಣು ವ್ಯಂಜನವನ್ನೂ ಅದರ ಸ್ವರವನ್ನೂ ಒಂದೇ ತುಂಡಾಗಿ ನೋಡಿ ಪಳಗಿದೆ: ಕ, ಕಾ, ಕಿ, ಕೀ. ಕನ್ನಡ ಮಕ್ಕಳ ಓದಿನ ಬಗ್ಗೆ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಸೂಚಿಸುತ್ತದೆ. ಅಕ್ಷರ ತುಂಡುಗಳ ಅರಿವು ಮಕ್ಕಳಲ್ಲಿ ಬೇಗ ಮೂಡುತ್ತದೆ, ಆ ತುಂಡಿನೊಳಗಿನ ಬಿಡಿ ದನಿಗಳ ಅರಿವು ನಿಧಾನ. ಅಕ್ಷರಗಳ ಪೂರ್ತಿ ಕಲಿಕೆಯೇ ಮೂರು, ನಾಲ್ಕನೇ ತರಗತಿಯವರೆಗೂ ಚಾಚುತ್ತದೆ. ಹಾಗಿದ್ದಮೇಲೆ ಪದವನ್ನು ಮೂರು ಚೂರು ಮಾಡುವುದಕ್ಕಿಂತ ಎರಡು ಮಾಡುವುದು ಮೇಲು. ಬೋರ್ಡಿನ ಮೇಲೆ ‘ಬಿ’ ಬರೆದು ಅದಕ್ಕೆ ಇಂಗ್ಲಿಷಿನ ಐದು ಸ್ವರಗಳನ್ನು ಒಂದೊಂದಾಗಿ ಹಚ್ಚಿ: ಬ್ಯಾ, ಬೆ, ಬಿ, ಬಾ, ಬ. ಇದು ಕಾಗುಣಿತವೇ, ಮಕ್ಕಳು ಒಂದೇ ಉಸಿರಿಗೆ ಹೇಳುತ್ತಾರೆ. ಅದು ಬಾಯಿಗೆ ಹತ್ತಿದ ಮೇಲೆ ಕೊನೆಯ ದನಿ ಸೇರಿಸಿ: ಬ್ಯಾ-ಟ್, ಬೆ-ಡ್, ಬಿ-ಗ್, ಬಾ-ಕ್ಸ್, ಬ-ಸ್. ಐದರಲ್ಲಿ ನಾಲ್ಕು ಪದ ಹಳ್ಳಿಯ ಮಗುವಿಗೂ ಗೊತ್ತು. ಎಲ್ಲ ವ್ಯಂಜನಕ್ಕೂ ಹೀಗೆ ಸರಾಗವಾಗಿ ಐದೂ ಸಿಗುವುದಿಲ್ಲ, ಎಚ್ಚರ. ‘ಸಿ’ ಅಕ್ಷರ ಎರಡು ಸ್ವರಗಳ ಮುಂದೆ ‘ಸ್’ ಆಗಿಬಿಡುತ್ತದೆ. ‘ಪಿ’ಯ ಐದನೇ ಮನೆಯಲ್ಲಿ ‘ಪುಟ್’ ಎಂಬ ತಕರಾರಿನ ಪದ ಕುಳಿತಿದೆ. ಎಂ, ಎನ್, ಟಿ ಇವುಗಳಿಂದ ಶುರುಮಾಡಿದರೆ ಜಗಳವಿಲ್ಲ.

ಈ ತಕರಾರಿನ ಪದಗಳೇ ಇಂಗ್ಲಿಷ್ ಓದು ನಿಧಾನವಾಗಲು ಕಾರಣ. ಯುರೋಪಿನ ಹಲವು ಭಾಷೆಗಳ ಮಕ್ಕಳನ್ನು ಮೊದಲ ವರ್ಷದ ಕೊನೆಗೆ ಓದಿಸಿ ನೋಡಿ 2003ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಫಿನ್ಲೆಂಡಿನ ಮಕ್ಕಳು ಪರಿಚಿತ ಪದಗಳಲ್ಲಿ ಶೇ. 98ರಷ್ಟನ್ನು ಸರಿಯಾಗಿ ಓದಿದರು. ಇಂಗ್ಲಿಷಿನಲ್ಲಿ ಕಲಿಯುವ ಸ್ಕಾಟ್ಲೆಂಡಿನ ಮಕ್ಕಳು ಶೇ. 34ರಷ್ಟನ್ನು ಮಾತ್ರ. ಫಿನ್ನಿಶ್ ಕೂಡ ಕನ್ನಡದಂತೆ ಬರೆದಂತೆ ಓದುವ ಭಾಷೆ. ಇಂಗ್ಲಿಷನ್ನೇ ಮನೆಮಾತಾಗಿ ಆಡುವ ಮಕ್ಕಳಿಗೇ ಎರಡನೇ ವರ್ಷ ಬೇಕಾಗುತ್ತದೆ ಎಂದಮೇಲೆ ನಮ್ಮ ಒಂದನೇ ತರಗತಿಯ ಮಗು ಜನವರಿಯೊಳಗೆ ವಾಕ್ಯ ಓದಬೇಕೆಂದು ಹಟ ಹಿಡಿಯುವುದು ಅನ್ಯಾಯ. ‘ವಾಸ್’, ‘ಸೆಡ್’, ‘ಒನ್’ ಮುಂತಾದ ನಿಯಮ ಮೀರುವ ಪದಗಳನ್ನು ವಾರಕ್ಕೆ ಎರಡೋ ಮೂರೋ ಪ್ರತ್ಯೇಕವಾಗಿ ಕೊಡಬೇಕು. ಪದದಲ್ಲಿ ಯಾವ ಅಕ್ಷರ ಮಾತು ಕೇಳುತ್ತಿಲ್ಲವೋ ಅದರ ಕೆಳಗೆ ಮಾತ್ರ ಕೆಂಪು ಗೆರೆ ಹಾಕಿದರೆ ಸಾಕು, ಉಳಿದವು ಸಾಮಾನ್ಯವಾಗಿ ಸರಿಯಾಗಿಯೇ ನುಡಿಯುತ್ತವೆ.

ಅಕ್ಷರಗಳ ಅನುಕ್ರಮ ಎ-ಬಿ-ಸಿ-ಡಿ ಆಗಬೇಕಿಲ್ಲ. ಇಂಗ್ಲೆಂಡಿನ ಶಾಲೆಗಳಲ್ಲಿ ರೂಢಿಯಲ್ಲಿರುವ ಕ್ರಮ ಎಸ್, ಎ, ಟಿ, ಪಿ, ಐ, ಎನ್ ಎಂದು ಶುರುವಾಗುತ್ತದೆ. ಈ ಆರರಿಂದಲೇ ಪಿನ್, ಟಿನ್, ಪ್ಯಾನ್, ಟ್ಯಾಪ್, ಸಿಟ್ ಓದಬಹುದು. ಆ ಕ್ರಮದಲ್ಲಿ ‘ಡಿ’ ಬಂದು ಬಹಳ ದಿನಗಳ ಮೇಲೆ ‘ಬಿ’ ಬರುತ್ತದೆ, ಮತ್ತು ಅದು ಬೇಕೆಂದೇ ಮಾಡಿದ್ದು. ಸಣ್ಣಕ್ಷರದ ಬಿ ಮತ್ತು ಡಿ ಒಂದಕ್ಕೊಂದು ಕನ್ನಡಿಯ ಬಿಂಬ. ಇವೆರಡನ್ನು ಅದಲುಬದಲು ಮಾಡುವ ಮಗುವನ್ನು ದಡ್ಡ ಎನ್ನುವ ಮುಂಚೆ ಒಂದು ಸಂಗತಿ ತಿಳಿದಿರಲಿ. ಬಟ್ಟಲನ್ನು ಎಡಕ್ಕೆ ತಿರುಗಿಸಿದರೂ ಬಲಕ್ಕೆ ತಿರುಗಿಸಿದರೂ ಅದು ಅದೇ ಬಟ್ಟಲು ಎಂದು ಗುರುತಿಸುವುದು ಮಿದುಳಿನ ಹುಟ್ಟುಗುಣ. ಆ ಗುಣವನ್ನು ಬಿಡಿಸುವುದು ರೋಮನ್ ಲಿಪಿ. ಈವ್ ಡಾನ್ಜಿಗರ್ ಮತ್ತು ಎರಿಕ್ ಪೆಡರ್ಸನ್ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಮಿಳು ಲಿಪಿಯನ್ನಷ್ಟೇ ಬಲ್ಲ ವಯಸ್ಕರು ಕೂಡ ಕನ್ನಡಿ ಬಿಂಬದ ಆಕೃತಿಗಳನ್ನು ಒಂದೇ ಎಂದು ಪರಿಗಣಿಸುವತ್ತ ವಾಲಿದರು. ತಮಿಳಿನಲ್ಲಿ ಅಂಥ ಬಿಂಬದ ಜೋಡಿ ಅಕ್ಷರಗಳಿಲ್ಲ. ಕನ್ನಡದಲ್ಲೂ ನಾವು ನೋಡುವುದು ಕೊಂಬು, ತಲೆಕಟ್ಟು, ಹೊಟ್ಟೆಯ ಸೀಳು; ಎಡ-ಬಲ ನೋಡುವ ಪ್ರಮೇಯ ಬರುವುದಿಲ್ಲ. ಆದ್ದರಿಂದ ಡಿ ಗಟ್ಟಿಯಾಗುವವರೆಗೆ ಬಿ ಬೇಡ; ಮೇಲೆ ಹೇಳಿದ ‘ಬಿ’ಯ ಕಾಗುಣಿತವೂ ಅದಾದ ಮೇಲೆಯೇ. ಆಮೇಲೂ ಕೈಯ ಚಲನೆಯಿಂದ ಬೇರ್ಪಡಿಸಿ: ಡಿಗೆ ಮೊದಲು ಗುಂಡು, ಆಮೇಲೆ ಕಡ್ಡಿ, ಬಿಗೆ ಮೊದಲು ಕಡ್ಡಿ, ಆಮೇಲೆ ಗುಂಡು. ದೊಡ್ಡಕ್ಷರಗಳನ್ನು ಮೊದಲು ತಿದ್ದಿಸುವ ಹಳೆ ರೂಢಿಯನ್ನೂ ಕೈಬಿಡಬಹುದು. ಪುಸ್ತಕದಲ್ಲಿ ಮಗು ಕಾಣುವುದು ಬಹುತೇಕ ಸಣ್ಣಕ್ಷರಗಳನ್ನೇ. ಹಳೆಯ ಮದುವೆ ಕರೆಯೋಲೆಗಳ ಖಾಲಿ ಬದಿ ಮಿಂಚುಪಟ್ಟಿಗೆ (ಫ್ಲ್ಯಾಷ್ ಕಾರ್ಡಿಗೆ) ಚೆನ್ನ, ಅಕ್ಷರ ಎರಡು ಇಂಚಾದರೂ ಎತ್ತರವಿರಲಿ.

ಇಷ್ಟೆಲ್ಲ ಆದರೂ, ಕೂಡಿಸಿ ಓದಿದ ‘ಬೆಡ್’ ಕಿವಿಗೆ ಮೊದಲೇ ಪರಿಚಿತವಾಗಿದ್ದರಷ್ಟೇ ಅದು ಪದ, ಇಲ್ಲದಿದ್ದರೆ ಬರೀ ಸದ್ದು. ಕಿವಿಗೆ ಇಂಗ್ಲಿಷ್ ಬೀಳುವ ಹೊತ್ತು ಎಷ್ಟು? ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ದಿನ ಶಾಲೆ. ದಿನಕ್ಕೆ 40 ನಿಮಿಷದ ಒಂದು ಪೀರಿಯಡ್ ತಪ್ಪದೆ ನಡೆದರೂ ವರ್ಷಕ್ಕೆ 133 ಗಂಟೆ. ದಿನಕ್ಕೆ ಹತ್ತು ಗಂಟೆ ಎಚ್ಚರವಿರುವ ಮಗುವಿಗೆ ಮನೆಮಾತು ಇಷ್ಟು ಹೊತ್ತು ಎರಡು ವಾರದೊಳಗೆ ಸಿಕ್ಕಿಬಿಡುತ್ತದೆ. ‘ಚಿಕ್ಕವಯಸ್ಸಿನಲ್ಲಿ ಭಾಷೆ ತಾನಾಗಿ ಬರುತ್ತದೆ’ ಎಂಬ ಮಾತು ನಿಜವಾಗುವುದು ಸುತ್ತಲೂ ಆ ಭಾಷೆಯೇ ಇದ್ದಾಗ, ಅದೂ ನಿಧಾನವಾಗಿ. ನೆದರ್ಲೆಂಡ್ಸ್‌ಗೆ ಬಂದು ಡಚ್ ಕಲಿಯುತ್ತಿದ್ದ ಇಂಗ್ಲಿಷ್ ಭಾಷಿಕರನ್ನು ಕ್ಯಾಥರೀನ್ ಸ್ನೋ ಮತ್ತು ಮರಿಯನ್ ಹೂಫ್‌ನಾಗೆಲ್-ಹೋಲ ಗಮನಿಸಿ 1978ರಲ್ಲಿ ಬರೆದಂತೆ, ಮೊದಲ ತಿಂಗಳುಗಳಲ್ಲಿ ವೇಗವಾಗಿ ಕಲಿತವರು 12ರಿಂದ 15 ವರ್ಷದವರು ಮತ್ತು ವಯಸ್ಕರು. ಹಿಂದುಳಿದವರು ಮೂರರಿಂದ ಐದು ವರ್ಷದ ಮಕ್ಕಳು. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಇದೆ. ಅದು ಇರಲಿ, ಆದರೆ ಮೊದಲ ವರ್ಷ ಪೂರ್ತಿ ಕಿವಿಯದು, ಓದು ಕನ್ನಡದ ಕಾಗುಣಿತ ಸರಾಗವಾದ ಮೇಲೆ, ಅಂದರೆ ಎರಡನೇ ತರಗತಿಯ ನಡುವಿನಿಂದ ಎಂಬುದು ನಮ್ಮ ಅಭಿಪ್ರಾಯ.

ಕಿವಿಯ ಪಾಠಕ್ಕೆ ಅಮೆರಿಕದ ಜೇಮ್ಸ್ ಆಷರ್ 1960ರ ದಶಕದಲ್ಲಿ ರೂಪಿಸಿದ ವಿಧಾನ ಇಂದಿಗೂ ಒಳ್ಳೆಯದು: ಹೇಳಿದ್ದನ್ನು ಮೈಯಿಂದ ಮಾಡುವುದು. ಟೀಚರ್ ‘ಟಚ್ ದ ಡೋರ್’ ಎನ್ನುತ್ತ ತಾನೇ ಹೋಗಿ ಬಾಗಿಲು ಮುಟ್ಟುತ್ತಾರೆ. ಮುಂದಿನ ಸಲ ಮಕ್ಕಳ ಜೊತೆ ಮುಟ್ಟುತ್ತಾರೆ. ಮೂರನೆಯ ಸಲ ನಿಂತಲ್ಲೇ ನಿಂತು ಮಾತಷ್ಟೇ ಆಡುತ್ತಾರೆ. ಮಗು ಬಾಯಿ ತೆರೆಯಬೇಕಿಲ್ಲ. ಒಂದು ದಿನಕ್ಕೆ ಹೊಸ ಪದ ಐದಾರು ಸಾಕು. ಇಲ್ಲಿ ಕೆಡುವುದು ಎರಡು ಕಡೆ. ಒಂದು, ಅನುಕ್ರಮ ಬದಲಿಸದಿದ್ದರೆ ಮಕ್ಕಳು ಪದ ಕೇಳುವುದೇ ಇಲ್ಲ, ‘ಸ್ಟ್ಯಾಂಡ್ ಅಪ್’ ಆದಮೇಲೆ ‘ಸಿಟ್ ಡೌನ್’ ಎಂದು ಊಹಿಸಿ ಕೂರುತ್ತಾರೆ. ನಿಂತವರಿಗೇ ಇನ್ನೊಮ್ಮೆ ‘ಸ್ಟ್ಯಾಂಡ್ ಅಪ್’ ಎಂದು ನೋಡಿ. ಇನ್ನೊಂದು, ಹಿಂದಿನವರು ಮುಂದಿನವರನ್ನು ನೋಡಿ ಮಾಡುತ್ತಾರೆ. ನಾಲ್ಕು ಮಕ್ಕಳಿಗೆ ಕಣ್ಣು ಮುಚ್ಚಿಸಿ ‘ಟಚ್ ಯುವರ್ ನೀ’ ಎಂದರೆ ಯಾರಿಗೆ ಪದ ಬಂದಿದೆ ಎಂಬುದು ಗೊತ್ತಾಗುತ್ತದೆ. ಇವತ್ತಿನ ಪದ ನಾಳೆ, ಮೂರು ದಿನ ಬಿಟ್ಟು, ಮತ್ತೆ ವಾರ ಬಿಟ್ಟು ಬರಬೇಕು. ಒಂದೇ ದಿನ ಇಪ್ಪತ್ತು ಸಲ ಹೇಳಿಸುವುದಕ್ಕಿಂತ ಅಂತರ ಕೊಟ್ಟು ನಾಲ್ಕು ಸಲ ಎದುರಾದ ಪದ ಹೆಚ್ಚು ನಿಲ್ಲುತ್ತದೆ. ಪದದ ಅರ್ಥ ತೋರಿಸಲು ಆಗದಿದ್ದರೆ ಕನ್ನಡದಲ್ಲಿ ಒಮ್ಮೆ ಹೇಳಿ ಮುಗಿಸುವುದು ತಪ್ಪೇನಲ್ಲ. ತಪ್ಪಾಗುವುದು ಪ್ರತಿ ವಾಕ್ಯದ ಬೆನ್ನಿಗೂ ಕನ್ನಡ ಹೇಳಿದಾಗ: ಮಗು ಇಂಗ್ಲಿಷ್ ಮುಗಿಯುವವರೆಗೆ ಸುಮ್ಮನಿದ್ದು ಕನ್ನಡಕ್ಕೆ ಕಾಯುತ್ತದೆ.

ಉಚ್ಚಾರಣೆಯ ವಿಷಯದಲ್ಲಿ ಎಲ್ಲವನ್ನೂ ತಿದ್ದಲು ಹೋಗಬಾರದು. ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ತೋರಿಸಿದಂತೆ, ಇಂಗ್ಲಿಷ್ ಮನೆಯ ಆರೆಂಟು ತಿಂಗಳ ಕೂಸುಗಳು ಹಿಂದಿಯ ತ-ಟ ವ್ಯತ್ಯಾಸವನ್ನು ಗುರುತಿಸುತ್ತವೆ, ವರ್ಷ ತುಂಬುವ ಹೊತ್ತಿಗೆ ಅದನ್ನು ಕಳೆದುಕೊಳ್ಳುತ್ತವೆ. ನಮ್ಮ ಮಕ್ಕಳ ಕಿವಿಯೂ ಹಾಗೆಯೇ ಕನ್ನಡಕ್ಕೆ ಕಟ್ಟುಬಿದ್ದಿದೆ. ಹ್ರಸ್ವ-ದೀರ್ಘ ಅದಕ್ಕೆ ಸಲೀಸು; ‘ಶಿಪ್’-‘ಶೀಪ್’ ಬೇರ್ಪಡಿಸಲು ಹೊರದೇಶದ ಪುಸ್ತಕಗಳು ಪುಟಗಟ್ಟಲೆ ಖರ್ಚು ಮಾಡುತ್ತವೆ, ನಮಗೆ ಅದು ಬೇಕಿಲ್ಲ. ‘ಬ್ಯಾಡ್’ನ ಸ್ವರ ನಮ್ಮಲ್ಲಿಲ್ಲ ಎನ್ನುವವರು ‘ಬ್ಯಾಡ’, ‘ಪ್ಯಾಟಿ’ ಎನ್ನುವ ಮಾತನ್ನು ಕೇಳಿಸಿಕೊಂಡಿಲ್ಲ. ‘ಥಿಂಕ್’, ‘ಟೇಬಲ್’ ನಮ್ಮ ದನಿಯಲ್ಲೇ ಇರಲಿ, ಅರ್ಥವಾಗದೆ ಹೋಗುವುದಿಲ್ಲ. ಶ್ರಮ ಹಾಕಬೇಕಾದದ್ದು ‘ಪ್ಯಾನ್’-‘ಫ್ಯಾನ್’, ‘ಪೆನ್’-‘ಪ್ಯಾನ್’ ಜೋಡಿಗಳಿಗೆ, ಹಕಾರ ಬಿಡುವ ಸೀಮೆಯಲ್ಲಿ ‘ಏರ್’-‘ಹೇರ್’ಗೆ, ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ಪದದ ಕೊನೆಗೆ. ಕನ್ನಡದ ಬಾಯಿ ವ್ಯಂಜನದ ಮೇಲೆ ನಿಲ್ಲಲು ಒಪ್ಪುವುದಿಲ್ಲ, ಒಂದು ‘ಉ’ ಹಚ್ಚುತ್ತದೆ. ಹ್ರಸ್ವದ ಮುಂದೆ ಒತ್ತನ್ನೂ ಕೊಡುತ್ತದೆ: ಬಸ್ಸು, ಪೆನ್ನು, ಕಪ್ಪು; ದೀರ್ಘವಾದರೆ ಒತ್ತಿಲ್ಲ: ಕಾರು, ರೋಡು. ಈ ‘ಉ’ ಉಳಿದರೆ ಬಹುವಚನದ ಕೊನೆಯ ‘ಸ್’ ಕೂಡ ಕೇಳಿಸದೆ ಹೋಗುತ್ತದೆ. ಪದ ಮುಗಿಯುವಾಗ ಮುಷ್ಟಿ ಬಿಗಿಹಿಡಿದು, ಟ್ ಎಂದಾಗ ನಾಲಿಗೆಯನ್ನು ಅಲ್ಲೇ ಒಂದು ಕ್ಷಣ ಅಂಟಿಸಿಟ್ಟರೆ ಅಭ್ಯಾಸವಾಗುತ್ತದೆ. ಮನೆಯಲ್ಲಿ ಮಗು ‘ಬಸ್ಸು’ ಎಂದೇ ಅನ್ನಲಿ, ಅದು ಶುದ್ಧ ಕನ್ನಡ.

ಪದದ ಮೇಲೆ ಪೆನ್ಸಿಲಿನಲ್ಲಿ ಕನ್ನಡದಲ್ಲಿ ಉಚ್ಚಾರಣೆ ಬರೆದುಕೊಡುವ ಪದ್ಧತಿ ಮಾತ್ರ ನಿಲ್ಲಬೇಕು. ಕಣ್ಣು ಸುಲಭದ ದಾರಿಗೆ ಹೋಗುತ್ತದೆ; ಮಗು ಕನ್ನಡ ಓದಿ ಮುಗಿಸುತ್ತದೆ, ಕೆಳಗಿನ ರೋಮನ್ ಅಕ್ಷರಗಳಿಗೂ ಆ ದನಿಗೂ ನಂಟೇ ಬೆಳೆಯುವುದಿಲ್ಲ. ಬೇಕಿದ್ದರೆ ಕಾರ್ಡಿನ ಹಿಂಬದಿಯಲ್ಲಿ ಬರೆಯಿರಿ, ಓದಿದ ಮೇಲೆ ತಿರುಗಿಸಿ ನೋಡಲಿ.

ಮಗು ಓದುತ್ತಿದೆಯೋ, ನೆನಪಿನಿಂದ ಹೇಳುತ್ತಿದೆಯೋ ಎಂದು ತಿಳಿಯಲು ಅರ್ಥವಿಲ್ಲದ ಪದಗಳನ್ನು ಕೊಡಿ. ಇಂಗ್ಲೆಂಡಿನಲ್ಲಿ 2012ರಿಂದ ಒಂದನೇ ತರಗತಿಯ ಮಕ್ಕಳಿಗೆ ನಡೆಸುವ ಪರೀಕ್ಷೆಯ 40 ಪದಗಳಲ್ಲಿ 20 ಇಂಥವೇ. ನಮ್ಮ ತರಗತಿಗೆ ಹತ್ತು ಸಾಕು: ಟಿಬ್, ಮ್ಯಾಬ್, ಸೆಮ್, ಟಾಬ್ ಇಂಥವನ್ನು ರೋಮನ್ ಅಕ್ಷರದಲ್ಲಿ ಬರೆದು, ಒಂದಷ್ಟು ನಿಜವಾದ ಪದ ಬೆರೆಸಿ, ಒಂದೊಂದೇ ಮಗುವನ್ನು ಕರೆದು ಒಂದು ನಿಮಿಷ ಓದಿಸಬೇಕು. ‘ಟಿಬ್’ ಅನ್ನು ‘ಟಿಬ’ ಎಂದರೆ ಅರ್ಧಾಕ್ಷರ ಇನ್ನೂ ಕೂತಿಲ್ಲ. ‘ಟಿಡ್’ ಎಂದರೆ ಬಿ-ಡಿ ಗೊಂದಲ. ‘ಟಿನ್’ ಎಂದರೆ ಮೊದಲೆರಡು ಅಕ್ಷರ ನೋಡಿ ಗೊತ್ತಿರುವ ಪದ ಊಹಿಸಿದೆ. ಅಂಥ ಮಗುವಿಗೆ ಹೊಸ ಪಾಠ ನಿಲ್ಲಿಸಿ, ಕೊನೆಯ ಅಕ್ಷರವನ್ನಷ್ಟೇ ಬದಲಿಸುತ್ತ ಟಿನ್, ಟಿಪ್, ಟಿಕ್ ಎಂದು ಹತ್ತು ದಿನ ಓದಿಸುವುದು ಉತ್ತಮ.