ಪ್ರೊ-ಆಮ್: ಹಗ್ಗದ ಒಳಗೆ ಬಂದ ಹವ್ಯಾಸಿ

ಪ್ರೊ-ಆಮ್ ಎಂಬುದು ಎರಡು ಉದ್ದನೆಯ ಪದಗಳ ಬಾಲ ಕತ್ತರಿಸಿ, ಉಳಿದ ತಲೆಗಳ ನಡುವೆ ಒಂದು ಗೆರೆ ಎಳೆದು ಜೋಡಿಸಿದ ಪದ. ಪ್ರೊ ಎಂದರೆ ಪ್ರೊಫೆಷನಲ್, ಆಟವನ್ನೇ ಜೀವನೋಪಾಯ ಮಾಡಿಕೊಂಡವರು. ಆಮ್ ಎಂದರೆ ಅಮೆಚೂರ್, ಹವ್ಯಾಸಿ. ವೃತ್ತಿ ರಂಗಭೂಮಿ, ಹವ್ಯಾಸಿ ರಂಗಭೂಮಿ ಎಂದು ನಾವು ಬಹಳ ಹಿಂದಿನಿಂದ ಹೇಳುತ್ತ ಬಂದಿರುವ ವ್ಯತ್ಯಾಸವೇ ಇದು. ಆ ಎರಡೂ ಕಡೆಯ ನಟರು ಒಂದೇ ರಾತ್ರಿ ಒಂದೇ ನಾಟಕದಲ್ಲಿ ಪಾತ್ರ ಹಂಚಿಕೊಂಡರೆ ಹೇಗಿರುತ್ತದೆಯೋ ಪ್ರೊ-ಆಮ್ ಗಾಲ್ಫ್ ಹಾಗಿರುತ್ತದೆ: ಒಬ್ಬ ವೃತ್ತಿಪರ ಆಟಗಾರ, ಒಬ್ಬರೋ ಮೂವರೋ ಹವ್ಯಾಸಿಗಳು, ಎಲ್ಲ ಸೇರಿ ಒಂದು ತಂಡ. ಅಮೆಚೂರ್ ಪದದ ಬೇರು ಲ್ಯಾಟಿನ್ನಿನ ‘ಅಮಾತೊರ್’, ಅಂದರೆ ಪ್ರೀತಿಸುವವನು. ಹಿಂದಿಯ ‘ಆಮ್’, ಅಂದರೆ ಸಾಮಾನ್ಯ, ಎಂದು ತಪ್ಪು ತಿಳಿದರೂ ಹೆಚ್ಚು ನಷ್ಟವಿಲ್ಲ. ಆಟದ ಮಟ್ಟಿಗೆ ಅವನು ಸಾಮಾನ್ಯನೇ. ಜೇಬಿನ ಮಟ್ಟಿಗೆ ಅಲ್ಲ.

ಈ ಹವ್ಯಾಸಿಯ ಜಾಗದಲ್ಲಿ ಸಿನಿಮಾ ನಟರು, ಗಾಯಕರು, ಬೇರೆ ಕ್ರೀಡೆಗಳ ತಾರೆಯರು ಬಂದು ನಿಂತರೆ ಅದು ಸೆಲೆಬ್ರಿಟಿ ಪ್ರೊ-ಆಮ್. ಆದರೆ ಒಂದೇ ಹೆಸರಿನಡಿ ಬೇರೆ ಬೇರೆ ಸರಕು ಮಾರಾಟವಾಗುವುದರಿಂದ ಟಿಕೆಟ್ ಕೊಳ್ಳುವವರು ಸ್ವಲ್ಪ ವಿಚಾರಿಸುವುದು ಒಳ್ಳೆಯದು. ಅಮೆರಿಕದ ವೃತ್ತಿಪರ ಗಾಲ್ಫ್ ಸರಣಿಯಾದ ಪಿಜಿಎ ಟೂರ್‌ನ ಪಂದ್ಯಾವಳಿಗಳು ಸಾಮಾನ್ಯವಾಗಿ ಗುರುವಾರ ಆರಂಭವಾಗುತ್ತವೆ. ಅದರ ಹಿಂದಿನ ದಿನ ಪ್ರಾಯೋಜಕರ ಅತಿಥಿಗಳೂ ಹಣ ತೆತ್ತು ಜಾಗ ಪಡೆದವರೂ ವೃತ್ತಿಪರರ ಜೊತೆ ಒಂದು ಸುತ್ತು ಆಡುತ್ತಾರೆ. ಇದು ಬುಧವಾರದ ಪ್ರೊ-ಆಮ್. ಇದರ ಅಂಕಗಳು ಮುಖ್ಯ ಪಂದ್ಯಕ್ಕೆ ಸೇರುವುದಿಲ್ಲ. ಹಾಗೆಂದು ವೃತ್ತಿಪರರಿಗೆ ಇದು ಹಗುರವಾದ ಕೆಲಸವೇನಲ್ಲ. 2010ರಲ್ಲಿ ನ್ಯೂಜೆರ್ಸಿಯಲ್ಲಿ ನಡೆದ ಬಾರ್ಕ್ಲೇಸ್ ಪಂದ್ಯಾವಳಿಯ ವೇಳೆ ವೃತ್ತಿಪರ ಆಟಗಾರ ಜಿಮ್ ಫ್ಯೂರಿಕ್ ಅಲಾರಂ ಇಟ್ಟಿದ್ದ ಮೊಬೈಲಿನ ಬ್ಯಾಟರಿ ರಾತ್ರಿಯೇ ಮುಗಿದಿತ್ತು. ಪ್ರೊ-ಆಮ್‌ಗೆ ಹೊತ್ತಿಗೆ ಸರಿಯಾಗಿ ಬರಲಿಲ್ಲವೆಂದು ಅವರನ್ನು ಇಡೀ ಪಂದ್ಯಾವಳಿಯಿಂದಲೇ ಕೈಬಿಟ್ಟರು. ಋತುವಿನ ಒಟ್ಟು ಸಾಧನೆಗೆ ಸಲ್ಲುವ ಆ ವರ್ಷದ ಫೆಡ್‌ಎಕ್ಸ್ ಕಪ್ ಕೊನೆಗೆ ಅವರ ಪಾಲಿಗೇ ಬಂತು, ಅದು ಬೇರೆ ಮಾತು.

ಪ್ರೊ-ಆಮ್ ಮುಖ್ಯ ಪಂದ್ಯದೊಳಗೇ ಹೆಣೆದುಕೊಂಡಿರುವ ಪಂದ್ಯಾವಳಿಗಳೂ ಇವೆ. ಕ್ಯಾಲಿಫೋರ್ನಿಯಾದ ಪೆಬಲ್ ಬೀಚ್‌ನದು ಅಂಥದ್ದು. ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್, ಕಾರ್ನೂಸ್ಟಿ, ಕಿಂಗ್ಸ್‌ಬಾರ್ನ್ಸ್ ಮೈದಾನಗಳಲ್ಲಿ 2001ರಿಂದ ನಡೆಯುತ್ತಿರುವ ಆಲ್‌ಫ್ರೆಡ್ ಡನ್‌ಹಿಲ್ ಲಿಂಕ್ಸ್ ಇನ್ನೊಂದು. ಇಲ್ಲಿ ವೃತ್ತಿಪರನ ಪ್ರತಿ ಹೊಡೆತವೂ ಎರಡು ಖಾತೆಗೆ ಜಮೆಯಾಗುತ್ತದೆ: ಒಂದು ಅವನ ಸ್ವಂತದ್ದು, ಇನ್ನೊಂದು ತಂಡದ್ದು. ನೆವಾಡಾದ ಟಾಹೋ ಸರೋವರದ ದಂಡೆಯಲ್ಲಿ 1990ರಿಂದ ನಡೆಯುತ್ತಿರುವ, 2023ರಲ್ಲಿ ಬಾಸ್ಕೆಟ್‌ಬಾಲ್ ತಾರೆ ಸ್ಟೀಫನ್ ಕರಿ ಗೆದ್ದ ಪಂದ್ಯಾವಳಿಯನ್ನೂ ಕೆಲವರು ಪ್ರೊ-ಆಮ್ ಎನ್ನುತ್ತಾರೆ. ಅಲ್ಲಿ ಖ್ಯಾತನಾಮರು ತಮ್ಮತಮ್ಮೊಳಗೆ ಆಡುತ್ತಾರೆಯೇ ಹೊರತು ವೃತ್ತಿಪರರ ಜೋಡಿಯಾಗಿ ಅಲ್ಲ. ಹಾಗಾಗಿ ಆ ಹೆಸರು ಅದಕ್ಕೆ ಒಪ್ಪುವುದಿಲ್ಲ.

ಸೆಲೆಬ್ರಿಟಿ ಪ್ರೊ-ಆಮ್‌ಗೆ ಈಗಿನ ರೂಪ ಕೊಟ್ಟವರು ಗಾಯಕ, ನಟ ಬಿಂಗ್ ಕ್ರಾಸ್ಬಿ. 1937ರಲ್ಲಿ ಸ್ಯಾನ್ ಡಿಯೇಗೊ ಬಳಿಯ ರ‍್ಯಾಂಚೊ ಸಾಂಟಾ ಫೇಯಲ್ಲಿ ತಮ್ಮ ಸ್ನೇಹಿತರನ್ನೂ ವೃತ್ತಿಪರರನ್ನೂ ಕೂಡಿಸಿ ಅವರು ಒಂದು ಪಂದ್ಯ ಏರ್ಪಡಿಸಿದರು. ಮಳೆ ಸುರಿದು ಪಂದ್ಯ 18 ಹೋಲ್‌ಗಳಿಗೆ ಮೊಟಕಾಯಿತು. (ಚೆಂಡನ್ನು ಒಂದು ಕುಳಿಗೆ ಸೇರಿಸುವ ಒಂದೊಂದು ಹಂತಕ್ಕೂ ಹೋಲ್ ಎನ್ನುತ್ತಾರೆ; ಅಂಥ ಹದಿನೆಂಟು ಸೇರಿದರೆ ಒಂದು ಸುತ್ತು.) ಸ್ಯಾಮ್ ಸ್ನೀಡ್ ಗೆದ್ದು 500 ಡಾಲರ್ ಪಡೆದರು. 1947ರಲ್ಲಿ ಪಂದ್ಯ ಮಾಂಟೆರೇ ಪರ್ಯಾಯ ದ್ವೀಪಕ್ಕೆ, ಅಂದರೆ ಪೆಬಲ್ ಬೀಚಿನ ಕಡಲಂಚಿಗೆ, ಸ್ಥಳಾಂತರವಾಯಿತು. ಮಳೆ ಮಾತ್ರ ಜೊತೆಗೇ ಬಂತು. ಚಳಿಗಾಲದ ಗಾಳಿಮಳೆಗೆ ಅಲ್ಲಿ ‘ಕ್ರಾಸ್ಬಿ ಹವಾಮಾನ’ ಎಂದೇ ಹೆಸರು ಬಿತ್ತು. 1962ರಲ್ಲಿ ಹಿಮವೂ ಬಿದ್ದಿತು. ಕ್ರಾಸ್ಬಿ 1977ರಲ್ಲಿ ಸ್ಪೇನಿನಲ್ಲಿ 18 ಹೋಲ್‌ಗಳ ಆಟ ಮುಗಿಸಿದ ಬೆನ್ನಿಗೇ ತೀರಿಕೊಂಡರು. ಗಾಲ್ಫ್ ಹುಚ್ಚಿನವರು ಇದನ್ನು ಹೇಳುವಾಗ ದನಿಯಲ್ಲಿ ದುಃಖಕ್ಕಿಂತ ತುಸು ಅಸೂಯೆಯೇ ಹೆಚ್ಚಿರುತ್ತದೆ.

ಇನ್ನು ಈ ಪದದ ಒಳಗುಟ್ಟಿಗೆ ಬರೋಣ. ಜಗತ್ತಿನ ಅಗ್ರಮಾನ್ಯ ಆಟಗಾರನ ಪಕ್ಕದಲ್ಲಿ ನಿಂತ ಒಬ್ಬ ನಟ ತಂಡಕ್ಕೆ ಏನು ತಾನೇ ಕೊಟ್ಟಾನು? ಕ್ರಿಕೆಟ್‌ನಲ್ಲೋ ಟೆನಿಸ್‌ನಲ್ಲೋ ಇಂಥ ಜೋಡಿ ಬರಿಯ ತಮಾಷೆಯಾಗುತ್ತದೆ; ಎದುರಾಳಿ ಕರುಣೆಯಿಂದ ನಿಧಾನವಾಗಿ ಚೆಂಡು ಹಾಕಬೇಕಾಗುತ್ತದೆ. ಗಾಲ್ಫ್‌ನಲ್ಲಿ ಕರುಣೆಯ ಅಗತ್ಯವಿಲ್ಲ, ಲೆಕ್ಕ ಸಾಕು. ಆ ಲೆಕ್ಕದ ಹೆಸರು ಹ್ಯಾಂಡಿಕ್ಯಾಪ್. ಈ ಆಟದಲ್ಲಿ ಕಡಿಮೆ ಹೊಡೆತಗಳಲ್ಲಿ ಮುಗಿಸಿದವರೇ ಗೆದ್ದವರು. ನುರಿತವರು ಒಂದು ಹೋಲ್ ಮುಗಿಸಲು ತೆಗೆದುಕೊಳ್ಳಬೇಕಾದ ಹೊಡೆತಗಳ ಸಂಖ್ಯೆಗೆ ಪಾರ್ ಎನ್ನುತ್ತಾರೆ; ಹದಿನೆಂಟು ಹೋಲ್‌ಗಳ ಪಾರ್ ಕೂಡಿಸಿದರೆ ಸಾಮಾನ್ಯವಾಗಿ 72 ಅಥವಾ ಅದರ ಆಸುಪಾಸು. ಸುಮಾರು 90 ಹೊಡೆತ ತೆಗೆದುಕೊಳ್ಳುವವರ ಹ್ಯಾಂಡಿಕ್ಯಾಪ್ ಸ್ಥೂಲವಾಗಿ 18. ಅವರಿಗೆ ಹೋಲ್‌ಗೆ ಒಂದರಂತೆ ಹದಿನೆಂಟು ಹೊಡೆತಗಳ ರಿಯಾಯಿತಿ. ಹ್ಯಾಂಡಿಕ್ಯಾಪ್ 10 ಆಗಿದ್ದರೆ ಆ ಮೈದಾನದ ಅತಿ ಕಷ್ಟದ ಹತ್ತು ಹೋಲ್‌ಗಳಲ್ಲಿ ಮಾತ್ರ ರಿಯಾಯಿತಿ. ಯಾವುದು ಎಷ್ಟು ಕಷ್ಟ ಎಂಬ ಕ್ರಮಾಂಕ ಸ್ಕೋರ್‌ಕಾರ್ಡಿನಲ್ಲೇ ಅಚ್ಚಾಗಿರುತ್ತದೆ.

ಪಾರ್ 4ರ ಒಂದು ಹೋಲ್ ತೆಗೆದುಕೊಳ್ಳಿ. ವೃತ್ತಿಪರ ನಿರಾಯಾಸವಾಗಿ ನಾಲ್ಕಕ್ಕೆ ಮುಗಿಸಿದ. ನಟನ ಮೊದಲ ಹೊಡೆತ ಮರಕ್ಕೆ ಬಡಿಯಿತು, ಎರಡನೆಯದು ಹುಲ್ಲಿನಿಂದ ಹೇಗೋ ಹೊರಬಂತು, ಮೂರನೆಯದು ಕುಳಿಯ ಸುತ್ತಲಿನ ನುಣುಪು ಹುಲ್ಲುಹಾಸಾದ ಗ್ರೀನ್‌ನ ಅಂಚು ಮುಟ್ಟಿತು, ನಾಲ್ಕನೆಯದು ಇಳಿಜಾರಿನಲ್ಲಿ ಉರುಳುತ್ತ ಉರುಳುತ್ತ ಕುಳಿಯೊಳಗೆ ಬಿದ್ದೇಬಿಟ್ಟಿತು. ಅವನದೂ ನಾಲ್ಕು, ಆದರೆ ರಿಯಾಯಿತಿ ಕಳೆದು ಮೂರು. ತಂಡದಲ್ಲಿ ಯಾರ ಸಂಖ್ಯೆ ಕಡಿಮೆಯೋ ಅದೇ ತಂಡದ ಸಂಖ್ಯೆ ಎಂಬುದು ಇಲ್ಲಿಯ ನಿಯಮವಾದ್ದರಿಂದ ಆ ಹೋಲ್‌ನಲ್ಲಿ ತಂಡವನ್ನು ಎತ್ತಿ ಹಿಡಿದವನು ನಟ. 2011ರಲ್ಲಿ ಪೆಬಲ್ ಬೀಚ್‌ನಲ್ಲಿ ವೃತ್ತಿಪರ ಆಟಗಾರ ಡಿ.ಎ. ಪಾಯಿಂಟ್ಸ್ ತಮ್ಮ ಸ್ವಂತ ಲೆಕ್ಕದಲ್ಲಿ ಪಾರ್‌ಗಿಂತ 15 ಕಡಿಮೆ ಹೊಡೆತಗಳಲ್ಲಿ ಪ್ರಶಸ್ತಿ ಗೆದ್ದರು. ಅವರು ಮತ್ತು ಹಾಸ್ಯನಟ ಬಿಲ್ ಮರ‍್ರೆ ಕೂಡಿದ ತಂಡ ಪಾರ್‌ಗಿಂತ 35 ಕಡಿಮೆ ಹೊಡೆತಗಳಲ್ಲಿ ತಂಡದ ಪ್ರಶಸ್ತಿಯನ್ನೂ ಗೆದ್ದಿತು. ನಡುವಿನ ಆ 20 ಹೊಡೆತಗಳು ಮರ‍್ರೆಯವರ ಕಾಣಿಕೆ. ಬೇಕೆಂದೇ ತನ್ನ ಹ್ಯಾಂಡಿಕ್ಯಾಪ್ ಹೆಚ್ಚು ತೋರಿಸಿ ರಿಯಾಯಿತಿ ಹೊಡೆದುಕೊಳ್ಳುವವರೂ ಇದ್ದಾರೆ. ಅವರಿಗೆ ‘ಸ್ಯಾಂಡ್‌ಬ್ಯಾಗರ್’ ಎಂಬ ಬಿರುದಿದೆ. ಗಾಲ್ಫ್ ಕ್ಲಬ್ಬುಗಳಲ್ಲಿ ಇದಕ್ಕಿಂತ ಕೆಟ್ಟ ಬೈಗುಳ ಸಿಗುವುದು ಕಷ್ಟ.

ಲೆಕ್ಕ ತಿಳಿದರೆ ಇನ್ನೊಂದು ಒಗಟೂ ಬಿಡಿಸಿಕೊಳ್ಳುತ್ತದೆ. ಎರಡು ಗಂಟೆ ಕಾದು ನಿಂತ ಮೇಲೆ ನಿಮ್ಮ ಮೆಚ್ಚಿನ ತಾರೆ ಬರುತ್ತಾರೆ, ಮರಳುಗುಂಡಿಯಲ್ಲಿ ಮೂರು ಸಲ ಮರಳು ಹಾರಿಸುತ್ತಾರೆ, ಚೆಂಡನ್ನು ಎತ್ತಿ ಜೇಬಿಗೆ ಹಾಕಿಕೊಂಡು ನಡೆದುಬಿಡುತ್ತಾರೆ. ಇದು ಸಿಟ್ಟೂ ಅಲ್ಲ, ಗರ್ವವೂ ಅಲ್ಲ. ರಿಯಾಯಿತಿ ಕಳೆದರೂ ತನ್ನ ಸಂಖ್ಯೆ ಜೊತೆಗಾರನದಕ್ಕಿಂತ ಕೆಳಗಿಳಿಯದು ಎಂದು ಖಚಿತವಾದ ಮೇಲೆ ಆಡುತ್ತ ಕೂರುವುದು ಹಿಂದಿನ ತಂಡವನ್ನು ಕಾಯಿಸುವುದಷ್ಟೆ. ಚೆಂಡು ಎತ್ತಿಕೊಳ್ಳುವುದೇ ಇಲ್ಲಿಯ ಸೌಜನ್ಯ. ಬುಧವಾರದ ಪಂದ್ಯಗಳಲ್ಲಿ ಅನೇಕ ಕಡೆ ಸ್ಕ್ರಾಂಬಲ್ ಎಂಬ ಪದ್ಧತಿ ಇರುತ್ತದೆ: ಎಲ್ಲರೂ ಹೊಡೆಯುತ್ತಾರೆ, ಯಾರ ಚೆಂಡು ಒಳ್ಳೆಯ ಜಾಗದಲ್ಲಿದೆಯೋ ಅಲ್ಲಿಂದಲೇ ಎಲ್ಲರೂ ಮುಂದಿನ ಹೊಡೆತ ಹೊಡೆಯುತ್ತಾರೆ. ಇದನ್ನು ಅರಿಯದೆ ನೋಡಿದರೆ ನಾಲ್ವರೂ ಒಂದೇ ಜಾಗದಲ್ಲಿ ಏನು ಹುಡುಕುತ್ತಿದ್ದಾರೆ ಎನಿಸುತ್ತದೆ.

ನೋಡಲು ಹೋಗುವವರಿಗೆ ತಿಳಿದಿರಲೇಬೇಕಾದ ಪದವೊಂದಿದೆ: ಫೋರ್. ಕ್ರಿಕೆಟ್ ನೋಡಿ ಬೆಳೆದವರ ಕಿವಿಗೆ ಈ ಕೂಗು ಬಿದ್ದೊಡನೆ ಕತ್ತು ಮೇಲೆತ್ತಿ ಚಪ್ಪಾಳೆ ತಟ್ಟುವ ಮನಸ್ಸಾಗುತ್ತದೆ. ಗಾಲ್ಫ್‌ನಲ್ಲಿ ಇದರ ಅರ್ಥ ‘ಚೆಂಡು ನಿಮ್ಮತ್ತ ಬರುತ್ತಿದೆ, ಎಚ್ಚರ’ ಎಂದು. ತಲೆ ತಗ್ಗಿಸಿ ಕೈಗಳಿಂದ ಮುಚ್ಚಿಕೊಳ್ಳಬೇಕು. ಇಲ್ಲಿ ಕ್ರೀಡಾಂಗಣದ ಜಾಲರಿಯಿಲ್ಲ, ಗಾಜಿನ ಗೋಡೆಯಿಲ್ಲ. ಗೂಟಗಳಿಗೆ ಕಟ್ಟಿದ ಒಂದು ಹಗ್ಗ, ಅಷ್ಟೇ. ವೃತ್ತಿಪರರ ಚೆಂಡು ಎಲ್ಲಿ ಬೀಳಬಹುದೆಂದು ಒಂದು ಅಂದಾಜಾದರೂ ಇರುತ್ತದೆ, ಹವ್ಯಾಸಿಯದು ದೇವರಿಗೇ ಗೊತ್ತು. 1995ರಲ್ಲಿ ಬಾಬ್ ಹೋಪ್ ಹೆಸರಿನ ಪಂದ್ಯಾವಳಿಯಲ್ಲಿ ಅಮೆರಿಕದ ಅಧ್ಯಕ್ಷ ಬಿಲ್ ಕ್ಲಿಂಟನ್, ಮಾಜಿ ಅಧ್ಯಕ್ಷರಾದ ಜೆರಾಲ್ಡ್ ಫೋರ್ಡ್ ಮತ್ತು ಹಿರಿಯ ಜಾರ್ಜ್ ಬುಷ್ ಒಟ್ಟಿಗೆ ಆಡಿದರು. ಬುಷ್ ಹೊಡೆದ ಚೆಂಡು ಪ್ರೇಕ್ಷಕಿಯೊಬ್ಬರ ಮುಖಕ್ಕೆ ಬಡಿದು ಹೊಲಿಗೆ ಹಾಕಬೇಕಾಯಿತು. ಫೋರ್ಡ್ ಹೊಡೆದದ್ದು ಇನ್ನೊಬ್ಬರ ಬೆರಳಿಗೆ ತಗುಲಿತು. ಅಂಗರಕ್ಷಕರ ಪಡೆಯೇ ಅಲ್ಲಿತ್ತು, ಆದರೆ ಅದು ಇದ್ದದ್ದು ಅಧ್ಯಕ್ಷರನ್ನು ಕಾಯಲು.

ಆದ್ದರಿಂದ ನಿಲ್ಲುವ ಜಾಗ ಆರಿಸಿಕೊಳ್ಳುವುದೇ ಪ್ರೇಕ್ಷಕರ ಕಲೆ. ಬಲಗೈ ಹವ್ಯಾಸಿಗಳ ಚೆಂಡು ಹೆಚ್ಚಾಗಿ ಬಲಕ್ಕೆ ಬಾಗುತ್ತದೆ, ಇದಕ್ಕೆ ಸ್ಲೈಸ್ ಎನ್ನುತ್ತಾರೆ. ಮೊದಲ ಹೊಡೆತ ಹೊಡೆಯುವ ಟೀಯಿಂದ ನೂರೈವತ್ತು ಇನ್ನೂರು ಗಜ ಮುಂದೆ, ಬಲಬದಿಯ ಹಗ್ಗಕ್ಕೆ ಒರಗಿ ಮೊಬೈಲ್ ನೋಡುತ್ತ ನಿಲ್ಲುವುದಕ್ಕಿಂತ ಅವಿವೇಕ ಇನ್ನೊಂದಿಲ್ಲ. ಟೀಯ ಹಿಂದೆ ನಿಂತರೆ ಕ್ಷೇಮ, ನೋಟವೂ ಸೊಗಸು: ಚೆಂಡು ಹೋಗುವ ದಾರಿ ಕಾಣುತ್ತದೆ, ಆಟಗಾರರ ಮಾತೂ ಕೇಳುತ್ತದೆ. ಪಾರ್ 3ರ ಚಿಕ್ಕ ಹೋಲ್ ಇನ್ನೂ ಉತ್ತಮ, ಟೀಯಿಂದ ಕುಳಿಯವರೆಗಿನ ಇಡೀ ಕಥೆ ಒಂದೇ ಕಡೆ ನಿಂತು ನೋಡಬಹುದು. ಎಲ್ಲ ತಂಡಗಳೂ ಬೇರೆ ಬೇರೆ ಹೋಲ್‌ಗಳಿಂದ ಏಕಕಾಲಕ್ಕೆ ಆಟ ಶುರುಮಾಡುವ ಷಾಟ್‌ಗನ್ ಸ್ಟಾರ್ಟ್ ಇದ್ದರೆ, ನಿಮಗೆ ಬೇಕಾದವರ ಆರಂಭದ ಹೋಲ್ ಯಾವುದೆಂದು ಬಾಗಿಲಲ್ಲೇ ತಿಳಿದುಕೊಳ್ಳಿ. ಇಲ್ಲವಾದರೆ ದಿನವಿಡೀ ಒಂದೊಂದು ಹೋಲ್‌ನ ಹಿಂದೆಯೇ ಉಳಿಯುತ್ತೀರಿ. ಪ್ರೊ-ಆಮ್ ಸುತ್ತು ನಿಧಾನ, ಐದು ಗಂಟೆ ದಾಟುವುದು ಮಾಮೂಲು. ನೀರು, ಟೋಪಿ, ನಡೆಯಲು ಹಿತವಾದ ಪಾದರಕ್ಷೆ, ಇಷ್ಟು ಸಾಕು.

ಹೋಗುವ ಮುನ್ನ ಆ ವರ್ಷದ ಸ್ವರೂಪವನ್ನೂ ನೋಡಿಕೊಳ್ಳಬೇಕು. ಪೆಬಲ್ ಬೀಚ್‌ನಲ್ಲಿ ಹಿಂದೆ 156 ವೃತ್ತಿಪರರಿಗೆ ಅಷ್ಟೇ ಹವ್ಯಾಸಿಗಳು ಜೋಡಿಯಾಗುತ್ತಿದ್ದರು. 2024ರಲ್ಲಿ ಬಹುಮಾನದ ಮೊತ್ತ 2 ಕೋಟಿ ಡಾಲರಿಗೆ ಏರಿತು, ವೃತ್ತಿಪರರ ಸಂಖ್ಯೆ 80ಕ್ಕೆ ಇಳಿಯಿತು, ಹವ್ಯಾಸಿಗಳ ಆಟ ಮೊದಲ ಎರಡು ದಿನಕ್ಕೆ ಸೀಮಿತವಾಯಿತು. ಆಟದ ಗುಣಮಟ್ಟ ಏರಿರಬಹುದು, ಒಪ್ಪುತ್ತೇನೆ. ಆದರೆ ನಟ ಜ್ಯಾಕ್ ಲೆಮ್ಮನ್ ದಶಕಗಳ ಕಾಲ ಅಲ್ಲಿಗೆ ಬಂದು, ಕೊನೆಯ ದಿನ ಆಡುವ ಅರ್ಹತೆಯನ್ನು ಒಮ್ಮೆಯೂ ಗಳಿಸದೆ, ಮರುವರ್ಷ ಮತ್ತೆ ಬರುತ್ತಿದ್ದರಲ್ಲ, ಅದನ್ನು ನೋಡಲೆಂದೇ ಜನ ಮಳೆಯಲ್ಲಿ ನಿಲ್ಲುತ್ತಿದ್ದರು. 2 ಕೋಟಿಗೆ ಅದು ಸಿಗುವುದಿಲ್ಲ.

ಹಸ್ತಾಕ್ಷರ ಬೇಕಿದ್ದರೆ ಸುತ್ತು ಮುಗಿಯುವವರೆಗೆ ಕಾಯಿರಿ. ಯಾರಾದರೂ ಹೊಡೆಯಲು ನಿಂತಾಗ ಸ್ವಯಂಸೇವಕರು ಕೈ ಮೇಲೆತ್ತುತ್ತಾರೆ. ಆಗ ಮಾತೂ ನಡಿಗೆಯೂ ನಿಲ್ಲಬೇಕು. ಎಲ್ಲಕ್ಕಿಂತ ಹೆಚ್ಚಾಗಿ ತಪ್ಪುವುದು ಗ್ರೀನ್‌ನ ಬಳಿ. ತಾರೆಯ ಚೆಂಡು ಕುಳಿಗೆ ಬಿದ್ದ ಕೂಡಲೇ ನೂರಾರು ಜನ ಮುಂದಿನ ಹೋಲ್‌ನತ್ತ ಓಡತೊಡಗುತ್ತಾರೆ. ಆ ಸದ್ದಿನ ನಡುವೆ ವೃತ್ತಿಪರ ಇನ್ನೂ ಬಗ್ಗಿ ನಿಂತಿರುತ್ತಾನೆ. ಅವನ ಮುಂದೆ ಮೂರು ಅಡಿಯ ಪಟ್, ಅಂದರೆ ಚೆಂಡನ್ನು ಕುಳಿಗೆ ಉರುಳಿಸುವ ಹೊಡೆತ, ಒಂದು ಬಾಕಿ ಇರುತ್ತದೆ, ಅದರ ಮೇಲೆ ಅವನ ಆ ವಾರದ ಗಳಿಕೆ ನಿಂತಿರುತ್ತದೆ.