ಲಾಡ್ಜ್ ಕಟ್ಟುವ ಮುನ್ನ ಒಂದು ಆಷಾಢದ ಬುಧವಾರ

ಪುಣ್ಯಕ್ಷೇತ್ರದಲ್ಲಿ ಲಾಡ್ಜ್ ಕಟ್ಟಬೇಕು, ಬ್ಯಾಂಕಿಗೆ ಪ್ರಾಜೆಕ್ಟ್ ರಿಪೋರ್ಟ್ ಮಾಡಿಕೊಡಿ ಎಂದು ಬರುವವರ ಮೊದಲ ಮಾತು ಯಾವಾಗಲೂ ಒಂದೇ: "ಸಾರ್, ವರ್ಷಕ್ಕೆ ಇಷ್ಟು ಲಕ್ಷ ಜನ ಬರ್ತಾರೆ." ಬರಲಿ, ಸಂತೋಷ. ರಾತ್ರಿ ಉಳಿಯುವವರು ಎಷ್ಟು? ಅದಕ್ಕೆ ಉತ್ತರವಿಲ್ಲ, ಮೊಬೈಲ್ ತೆಗೆದು ಚಂಪಾಷಷ್ಠಿಯ ಜನಜಂಗುಳಿ ತೋರಿಸುತ್ತಾರೆ.

2023ರ ಜೂನ್ 11ರಂದು ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣದ ಶಕ್ತಿ ಯೋಜನೆ ಶುರುವಾದ ಮೇಲಂತೂ ಈ ವಾದಕ್ಕೆ ಬಲ ಬಂದಿದೆ. ಹಣ್ಣುಕಾಯಿ, ಹೂವು, ಬಳೆ ಅಂಗಡಿಗಳಿಗೆ ಆ ಗಿರಾಕಿಗಳಿಂದ ಲಾಭವಿದೆ, ಇಲ್ಲವೆನ್ನುವುದಿಲ್ಲ. ಆದರೆ ಬೆಳಗಿನ ಬಸ್ಸಿಗೆ ಬಂದವರು ಸಂಜೆಯ ಬಸ್ಸಿಗೆ ಹೊರಟರೆ ನಿಮ್ಮ ಕೋಣೆಗೇನು ಬಂತು?

ಜನ ಉಳಿಯುವುದು ಸೇವೆಯ ಕ್ರಮದಿಂದ. ಕುಕ್ಕೆಯಲ್ಲಿ ಸರ್ಪಸಂಸ್ಕಾರ 2 ದಿನದ್ದು, ಹಾಗಾಗಿ ಉಳಿಯಲೇಬೇಕು. ಆಶ್ಲೇಷಾಬಲಿ ಮಾಡಿಸಿದವರು ಅದೇ ದಿನ ಊರು ಸೇರಬಹುದು. ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಭಾರತ ಹುಣ್ಣಿಮೆಗೆ ಚಕ್ಕಡಿ, ಟ್ರ್ಯಾಕ್ಟರ್ ಕಟ್ಟಿಕೊಂಡು ಬರುವವರು ಉಳಿಯುತ್ತಾರೆ, ಆದರೆ ಬಯಲಲ್ಲೇ ಒಲೆ ಹೂಡಿ, ಹೋಳಿಗೆ ಕಡುಬು ಮಾಡಿ, ದೇವಿಯ ಬುಟ್ಟಿಯಾದ ಪಡ್ಡಲಗಿಗೆ ಎಡೆ ತುಂಬಿಸುತ್ತಾರೆ. ಅವರಿಗೆ ಬೇಕಾದದ್ದು ಕಟ್ಟಿಗೆ, ನೀರು, ಭಂಡಾರದ ಅರಿಶಿನ. ಧರ್ಮಸ್ಥಳದಂಥ ಕಡೆ ಊಟ ಉಚಿತ, ವಸತಿಗೃಹಗಳೂ ಕ್ಷೇತ್ರದವೇ ಇವೆ.

ಈಗ ಲೆಕ್ಕ. 20 ಕೋಣೆ ಎಂದರೆ ವರ್ಷಕ್ಕೆ ಮಾರಲು ಇರುವುದು 7,300 ರಾತ್ರಿ. ಹಬ್ಬ, ರಜೆ, ವಾರಾಂತ್ಯ ಸೇರಿ 110 ದಿನ ಪೂರ್ತಿ ಭರ್ತಿ ಎನ್ನೋಣ: 2,200. ಉಳಿದ 255 ದಿನ ಸರಾಸರಿ 4 ಕೋಣೆ: 1,020. ಒಟ್ಟು 3,220, ಅಂದರೆ ಶೇ. 44. ಬಾಡಿಗೆ 1,200 ರೂಪಾಯಿಯಂತೆ ಸುಮಾರು 38.6 ಲಕ್ಷ. ಒಂದೂವರೆ ಕೋಟಿ ಸಾಲ, ಶೇ. 10.5 ಬಡ್ಡಿ, 10 ವರ್ಷವಾದರೆ ಕಂತೇ ವರ್ಷಕ್ಕೆ 24.3 ಲಕ್ಷ. ಸಂಬಳ, ಕರೆಂಟು, ಡೀಸೆಲ್, ನೀರಿನ ಟ್ಯಾಂಕರ್‌ಗೆ ಆದಾಯದ ಶೇ. 40 ಹಿಡಿದರೆ ಇನ್ನೂ 15.4 ಲಕ್ಷ. ಮೊದಲ ವರ್ಷವೇ ಕೈಯಿಂದ ಒಂದು ಲಕ್ಷಕ್ಕೂ ಹೆಚ್ಚು ಹಾಕಬೇಕು. ಆನ್‌ಲೈನ್ ಬುಕಿಂಗ್ ಕಮಿಷನ್ ಇದರಲ್ಲಿ ಸೇರಿಲ್ಲ. ನಿಮ್ಮ ಊರಿನ ಅಂಕಿ ಬೇರೆ ಇರಬಹುದು, ಲೆಕ್ಕದ ದಾರಿ ಇದೇ. ನೋಂದಾಯಿತ ಧಾರ್ಮಿಕ ಟ್ರಸ್ಟ್ ತನ್ನ ಕ್ಷೇತ್ರದ ಆವರಣದಲ್ಲಿ ದಿನಕ್ಕೆ 1,000 ರೂಪಾಯಿಗಿಂತ ಕಡಿಮೆಗೆ ಕೊಡುವ ಕೋಣೆಗೆ ಜಿಎಸ್‌ಟಿ ವಿನಾಯಿತಿಯೂ ಇದೆ. ಬಾಡಿಗೆಯಲ್ಲಿ ಅವರ ಜೊತೆ ಪೈಪೋಟಿಗೆ ಇಳಿಯಬೇಡಿ.

ಅಂದಾಜು ತಿಳಿಯಲು ಜಾತ್ರೆಯಂದು ಹೋಗಬಾರದು. ಆಷಾಢದ ಒಂದು ಬುಧವಾರ, ರಾತ್ರಿ 9ರ ಮೇಲೆ ನಾಲ್ಕಾರು ಲಾಡ್ಜ್‌ಗಳ ಕೌಂಟರಿನಲ್ಲಿ ನೇತಾಡುವ ಕೀಲಿಗಳನ್ನು ಎಣಿಸಿ. ಮಾಲೀಕರನ್ನು ಕೇಳಿದರೆ "ಪರವಾಗಿಲ್ಲ, ನಡೀತಿದೆ" ಎನ್ನುತ್ತಾರೆ ಪಾಪ, ಅದನ್ನು ನಂಬಬೇಡಿ. ದಿನಕ್ಕೆ ಎಷ್ಟು ಬೆಡ್‌ಶೀಟ್ ಒಗೆತಕ್ಕೆ ಬರುತ್ತದೆಂದು ಲಾಂಡ್ರಿಯವರಲ್ಲಿ ವಿಚಾರಿಸಿ. ಇಷ್ಟಾದ ಮೇಲೂ ಕಟ್ಟುವುದೇ ಎಂದಾದರೆ ಮೂರು ಅಂತಸ್ತಿಗೆ ಪಾಯ ಹಾಕಿ, ಈಗ ಎಂಟೇ ಕೋಣೆ ಎಬ್ಬಿಸಿ. ರಸ್ತೆಗೆ ಮುಖಮಾಡಿ ಎರಡು ಮಳಿಗೆ ಬಿಡಿ. ಹಗಲು ಬಂದು ಹೋಗುವವರಿಂದ ನಿಮಗೆ ದಕ್ಕುವುದು ಆ ಮಳಿಗೆಗಳ ಬಾಡಿಗೆಯಷ್ಟೇ.